ಲಂಟಾನ, ಸೆನ್ನಾ ತೆಗೆಯುವ ಹಂಗಾಮು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಬಿದ್ದು ನೆಲ ಮೆತ್ತಗಾಗುತ್ತಿದ್ದಂತೆ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಲಂಟಾನ ಪೊದೆ, ಸೆನ್ನಾ ಮರದಂಥ ಹೊರಗಿನಿಂದ ಬಂದು ಹಬ್ಬಿದ ಕಳೆ ತೆಗೆಯುವ ಕೆಲಸ ಶುರುವಾಗುತ್ತದೆ. ಈ ಕೆಲಸದಲ್ಲಿರುವ ನಮ್ಮನ್ನು ಕಾಡಂಚಿನ ರೈತರು, ಕಾಲೇಜು ವಿದ್ಯಾರ್ಥಿಗಳು, ಸಫಾರಿಗೆ ಬಂದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

## ಮೊದಲು ತಿಳಿಯಬೇಕಾದ್ದು

ಕಾಡು ಹಸಿರಾಗಿದ್ದರೆ ಸಾಕಲ್ಲವಾ? ಲಂಟಾನ ಆದರೇನು, ಇನ್ನೊಂದಾದರೇನು?

ಹಸಿರೆಲ್ಲ ಮೇವಲ್ಲ. ಲಂಟಾನದ ಎಲೆಯಲ್ಲಿ ಲಂಟಾಡೀನ್ ಎಂಬ ವಿಷವಿದೆ. ಅದನ್ನು ತಿಂದ ದನಗಳ ಪಿತ್ತಜನಕಾಂಗ ಕೆಡುತ್ತದೆ, ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತಾಗಿ ಸುಲಿಯುತ್ತದೆ. ಜಿಂಕೆ, ಕಡವೆ, ಕಾಟಿಗಳ ಹೊಟ್ಟೆ ತುಂಬಿಸುವ ಗಿಡ ಇದಲ್ಲ.

ಒಮ್ಮೆ ದೊಡ್ಡ ಮೆಳೆಯೊಂದರ ಪಕ್ಕ ಮಂಡಿಯೂರಿ ಒಳಗೆ ನೋಡಿ. ಮೇಲೆ ಒತ್ತಾದ ಎಲೆ, ಹೂವು. ಕೆಳಗೆ ಒಂದಕ್ಕೊಂದು ಹೆಣೆದುಕೊಂಡ ಒಣ ಕಡ್ಡಿ, ಒಂದಿಷ್ಟು ತರಗು, ಬೋಳು ಮಣ್ಣು. ಹುಲ್ಲಿನ ಎಸಳಿಲ್ಲ. ದಿಂಡಿಗ, ಹೊನ್ನೆ, ನೆಲ್ಲಿಯ ಬೀಜ ಬಿದ್ದು ಮೊಳೆತರೂ ಬೆಳಕಿಲ್ಲದೆ ಸೊರಗಿ ಹೋಗಿರುತ್ತದೆ. ಈಗಿರುವ ದೊಡ್ಡ ಮರಗಳು ಬಿದ್ದ ದಿನ ಅವುಗಳ ಜಾಗ ತುಂಬಲು ಮರಿಗಳೇ ಇರುವುದಿಲ್ಲ. ಭಾರತದ ಹುಲಿ ಕಾಡುಗಳಲ್ಲಿ ಶೇ 40ಕ್ಕೂ ಹೆಚ್ಚು ಪ್ರದೇಶ ಲಂಟಾನದ ಹಾವಳಿಗೆ ಸಿಕ್ಕಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು.

ಇಷ್ಟೊಂದು ಹಬ್ಬಿದ್ದು ಹೇಗೆ? ನಮ್ಮ ಅಜ್ಜನ ಕಾಲದಲ್ಲಿ ಇಷ್ಟಿರಲಿಲ್ಲ ಅಂತಾರೆ.

ಅಜ್ಜ ಹೇಳಿದ್ದು ಸರಿ. ಲಂಟಾನದ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಇದನ್ನು ಅಲಂಕಾರದ ಗಿಡವಾಗಿ ಭಾರತಕ್ಕೆ ತಂದರು. ಉದ್ಯಾನದಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ ಅದನ್ನು ದಾಟಿಸಿದ್ದು ಹೆಚ್ಚಾಗಿ ಹಕ್ಕಿಗಳು. ಪಿಕಳಾರಗಳಿಗೆ ಅದರ ಕಪ್ಪು ಹಣ್ಣು ಬಲು ಇಷ್ಟ. ತಿಂದು ಹೋಗಿ ಮರದ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತವೆ, ಆ ಮರದಡಿ ಹೊಸ ಮೆಳೆ ಹುಟ್ಟುತ್ತದೆ. ಬಿದಿರು ಹೂ ಬಿಟ್ಟು ಒಣಗಿದಾಗ, ಮರ ಉರುಳಿದಾಗ, ರಸ್ತೆ ಅಗಲ ಮಾಡಿದಾಗ ಬಿಸಿಲು ಬೀಳುವ ಜಾಗ ತೆರೆದುಕೊಳ್ಳುತ್ತದಲ್ಲ, ಲಂಟಾನಕ್ಕೆ ಅಷ್ಟು ಸಾಕು.

ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು ಒಂದೇ ತಾಕುಗಳನ್ನು ಎರಡು ಸಲ ಅಳೆದಿದ್ದಾರೆ. 1997ರಲ್ಲಿ ಶೇ 41ರಷ್ಟು ತಾಕುಗಳಲ್ಲಿ ಲಂಟಾನ ಇತ್ತು, 2008ರ ಹೊತ್ತಿಗೆ ಶೇ 81ರಷ್ಟರಲ್ಲಿ. ಹನ್ನೊಂದೇ ವರ್ಷ.

ಲಂಟಾನ ಒಂದೇನಾ, ಬೇರೆ ಗಿಡಗಳೂ ಇವೆಯಾ?

ಇವೆ. ನಮ್ಮ ಕಡೆಯ ಕಾಡಿನಲ್ಲಿ ಎರಡನೇ ದೊಡ್ಡ ತಲೆನೋವು ಸೆನ್ನಾ ಸ್ಪೆಕ್ಟಾಬಿಲಿಸ್ ಮರ. ಮಲೆನಾಡಿನ ಕಡೆಗೆ ಹೋದಂತೆ ಯುಪಟೋರಿಯಂ, ಅಂದರೆ ಊರವರು ಕಮ್ಯುನಿಸ್ಟ್ ಗಿಡ ಅನ್ನುವುದು. ರಸ್ತೆ ಬದಿ, ಕೆರೆ ಏರಿ, ಬಯಲುಗಳಲ್ಲಿ ಪಾರ್ಥೇನಿಯಂ. ಬಯಲುಸೀಮೆಯ ಹುಲ್ಲುಗಾವಲುಗಳಿಗೆ ಬಳ್ಳಾರಿ ಜಾಲಿ. ಒಂದೊಂದರ ಸ್ವಭಾವ ಬೇರೆ, ತೆಗೆಯುವ ವಿಧಾನವೂ ಬೇರೆ. ಹೊರಗಿನಿಂದ ಬಂದ ಎಲ್ಲ ಗಿಡವೂ ಶತ್ರುವಲ್ಲ ಎನ್ನುವುದನ್ನೂ ಸೇರಿಸಬೇಕು. ತಾನಾಗಿ ಹಬ್ಬಿ ಉಳಿದವುಗಳ ಜಾಗ ಕಸಿದುಕೊಳ್ಳುವುದು ಮಾತ್ರ ನಮ್ಮ ಪಟ್ಟಿಗೆ ಬರುತ್ತದೆ.

ಹಳದಿ ಹೂ ಬಿಡುವ ಆ ಮರ ನಮ್ಮ ಕಕ್ಕೆ ಅಲ್ಲವಾ? ಅಂಥ ಚೆಂದದ ಮರಕ್ಕೆ ಯಾಕೆ ಕೈ ಹಾಕ್ತೀರಿ?

ಕಕ್ಕೆಗೆ ಯಾರೂ ಕೈ ಹಾಕಬಾರದು, ಅದು ಇಲ್ಲಿಯದೇ ಮರ. ನಾವು ತೆಗೆಯುವುದು ನೋಡಲು ಅದರಂತೆಯೇ ಇರುವ ಸೆನ್ನಾವನ್ನು. ಹೊಸಬರು ಎಡವುವುದು ಇಲ್ಲೇ ಆದ್ದರಿಂದ ಕೆಲಸದ ಮೊದಲ ದಿನ ಎರಡನ್ನೂ ಅಕ್ಕಪಕ್ಕ ತೋರಿಸಿಯೇ ಮುಂದೆ ಹೋಗುತ್ತೇವೆ.

ಕಕ್ಕೆ ಹೂವಿನ ಗೊಂಚಲು ದ್ರಾಕ್ಷಿಯಂತೆ ಕೆಳಕ್ಕೆ ಇಳಿಬೀಳುತ್ತದೆ. ಸೆನ್ನಾ ಗೊಂಚಲು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಂತಿರುತ್ತದೆ. ಕಕ್ಕೆ ಎಲೆಯಲ್ಲಿ ನಾಲ್ಕರಿಂದ ಎಂಟು ಜೊತೆ ಅಗಲವಾದ ದೊಡ್ಡ ಕಿರುಎಲೆಗಳು. ಸೆನ್ನಾದಲ್ಲಿ ಹತ್ತು, ಹದಿನೈದು ಜೊತೆ ಸಣ್ಣವು. ಕಕ್ಕೆ ಬೇಸಿಗೆಯಲ್ಲಿ ಎಲೆ ಉದುರಿಸಿ ಹೂವಾಗುತ್ತದೆ, ಸೆನ್ನಾ ಎಲೆಯ ನಡುವೆಯೇ ಹೂ ಬಿಡುತ್ತದೆ. ಸಂಶಯ ಬಂದರೆ ಸುಮ್ಮನೆ ಬಿಟ್ಟು ಗೊತ್ತಿರುವವರನ್ನು ಕರೆಯಿರಿ.

## ಹಂಗಾಮಿನ ಕೆಲಸ

ಯಾವ ತಿಂಗಳಲ್ಲಿ ಕೆಲಸ ಮಾಡ್ತೀರಿ? ಬೇಸಿಗೆಯಲ್ಲಿ ಪುರುಸೊತ್ತು ಇರುತ್ತಲ್ಲ?

ಬೇಸಿಗೆಯಲ್ಲಿ ನೆಲ ಕಲ್ಲಾಗಿರುತ್ತದೆ. ಗುದ್ದಲಿ ಪುಟಿಯುತ್ತದೆ, ಬೇರು ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ಜತೆಗೆ ಫೆಬ್ರವರಿಯಿಂದ ಬೆಂಕಿಯ ಕಾಲ. ಅರಣ್ಯ ಇಲಾಖೆಯ ವಾಚರುಗಳೆಲ್ಲ ಬೆಂಕಿ ಕಾಯುವುದರಲ್ಲಿ ಇರುತ್ತಾರೆ, ನಮ್ಮ ಜತೆ ಬರಲು ಯಾರೂ ಸಿಗುವುದಿಲ್ಲ. ಹಾಗಾಗಿ ಮುಂಗಾರು ಹಿಡಿದ ಮೇಲಿನಿಂದ ಹಿಂಗಾರು ಮುಗಿಯುವವರೆಗೆ ಲಂಟಾನ ಕೀಳುವ ಕಾಲ. ಆಗಲೂ ಜಡಿ ಮಳೆಯ ದಿನ ಕೆಲಸವಿಲ್ಲ.

ಯುಪಟೋರಿಯಂ ಇರುವ ಕಡೆ ಲೆಕ್ಕ ಬೇರೆ. ಅದು ಚಳಿಗಾಲದಲ್ಲಿ ಹೂವಾಗಿ ಹತ್ತಿಯಂಥ ಬೀಜವನ್ನು ಗಾಳಿಗೆ ತೂರುತ್ತದೆ. ಡಿಸೆಂಬರ್ ಬರುವ ಮೊದಲೇ ಕಿತ್ತಿರಬೇಕು. ಬೀಜ ಬಲಿತ ಮೇಲೆ ಕಿತ್ತು ಎಳೆದಾಡಿದರೆ ನಾವೇ ಬಿತ್ತನೆ ಮಾಡಿದ ಹಾಗೆ.

ಬುಡಕ್ಕೆ ಮಚ್ಚು ಹಾಕಿ ಕಡಿದರೆ ಮುಗೀತಲ್ಲ, ಅದಕ್ಕೇನು ಅಷ್ಟೊಂದು ವಿಧಾನ?

ಮಚ್ಚಿನಲ್ಲಿ ಕಡಿದ ಲಂಟಾನ ಮುಂದಿನ ಮಳೆಗೆ ಮೊದಲಿಗಿಂತ ಹೆಚ್ಚು ಕವಲೊಡೆದು ಏಳುತ್ತದೆ. ಒಂದು ಕಾಂಡ ಇದ್ದ ಕಡೆ ಏಳೆಂಟು. ವರ್ಷಾನುಗಟ್ಟಲೆ ಬರೀ ಸವರುವ ಕೆಲಸಕ್ಕೆ ದುಡ್ಡು ಸುರಿದ ಕಡೆಗಳಲ್ಲಿ ಇವತ್ತು ಹೆಜ್ಜೆ ಇಡಲಾಗದಷ್ಟು ಮೆಳೆ ಇರುವುದಕ್ಕೆ ಇದೇ ಕಾರಣ.

ಗುಟ್ಟು ಇರುವುದು ಕಾಂಡ ಮತ್ತು ತಾಯಿಬೇರು ಕೂಡುವ ಜಾಗದಲ್ಲಿ. ಹೊಸ ಚಿಗುರು ಹೊರಡುವುದು ಅಲ್ಲಿಂದ. ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದ ವಿಧಾನ ಈಗ ಹಲವು ಕಡೆ ಬಳಕೆಯಲ್ಲಿದೆ. ಬುಡದ ಸುತ್ತ ಮಣ್ಣನ್ನು ಸ್ವಲ್ಪವೇ ಸರಿಸಬೇಕು. ನೆಲಮಟ್ಟಕ್ಕಿಂತ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ, ಚಿಗುರುವ ಗಂಟಿನ ಅಡಿಗೆ, ಗುದ್ದಲಿಯಿಂದ ತಾಯಿಬೇರನ್ನು ಕತ್ತರಿಸಬೇಕು. ಆಮೇಲೆ ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ ಇಡಬೇಕು. ಬೇರು ಆಕಾಶ ನೋಡುತ್ತಿದ್ದರೆ ಒಣಗುತ್ತದೆ. ಪಕ್ಕಕ್ಕೆ ಉರುಳಿಸಿಬಿಟ್ಟರೆ ಮಣ್ಣು ತಾಗಿದ ಗೆಣ್ಣಿನಲ್ಲಿ ಮತ್ತೆ ಬೇರಿಳಿಸಿಕೊಳ್ಳುತ್ತದೆ.

ಬರೆದದ್ದು ಓದಲು ಸುಲಭ. ಮೈತುಂಬ ಕೊಕ್ಕೆಮುಳ್ಳಿರುವ, ಎರಡಾಳೆತ್ತರದ ಮೆಳೆಯಲ್ಲಿ ಬುಡ ಎಲ್ಲಿದೆ ಎಂದು ಹುಡುಕುವುದೇ ಅರ್ಧ ಕೆಲಸ. ಒಬ್ಬರು ಉದ್ದದ ಕವೆಗೋಲಿನಿಂದ ರೆಂಬೆಗಳನ್ನು ಎತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಕೆಳಗೆ ನುಗ್ಗಿ ಬೇರಿಗೆ ಏಟು ಹಾಕುತ್ತಾರೆ. ಪೆಟ್ಟು ಸರಿಯಾದ ಜಾಗಕ್ಕೆ ಬಿದ್ದರೆ ಸದ್ದೇ ಬೇರೆ. ಇಡೀ ಪೊದೆ ಸಡಿಲಗೊಂಡು ಅಲ್ಲಾಡುತ್ತದೆ, ಜಜ್ಜಿದ ಎಲೆಯ ಘಾಟು ಮೂಗಿಗೆ ಅಡರುತ್ತದೆ.

ಕಿತ್ತದ್ದನ್ನು ಏನು ಮಾಡ್ತೀರಿ? ಮಾರಬಹುದಲ್ಲ?

ಬಹುಪಾಲು ಅಲ್ಲೇ ತಲೆಕೆಳಗಾಗಿ ಒಣಗುತ್ತದೆ. ಒಣಗಿದ ಮೇಲೆ ಗುಡ್ಡೆಗಳನ್ನು ಮರದ ಬುಡದಿಂದ, ಬೆಂಕಿ ಹರಡದಂತೆ ಸವರಿಟ್ಟ ಬೆಂಕಿರೇಖೆಯಿಂದ ದೂರ ಇಡುವುದು ಮುಖ್ಯ. ಬೇಸಿಗೆಯಲ್ಲಿ ಅದು ಮದ್ದಿನ ರಾಶಿ. ಮಾರಾಟದ ವಿಚಾರ ಅಷ್ಟು ಸರಳವಲ್ಲ. ಅಭಯಾರಣ್ಯದಿಂದ ಅನುಮತಿ ಮೇರೆಗೆ ಹೊರತೆಗೆದ ಅರಣ್ಯ ಉತ್ಪನ್ನವನ್ನು ಸುತ್ತಮುತ್ತಲಿನ ಜನರ ಸ್ವಂತ ಅಗತ್ಯಕ್ಕೆ ಬಳಸಬಹುದು, ವ್ಯಾಪಾರಕ್ಕಲ್ಲ ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಳೆಗೂ ಈ ಕಟ್ಟುಪಾಡು ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಳೆಯ ಲಾರಿಯಲ್ಲಿ ಬೀಟೆ, ತೇಗ ಹೋಗದಂತೆ ನೋಡಿಕೊಳ್ಳುವವರ ಕಷ್ಟವೂ ನಿಜ.

ಜೆಸಿಬಿ ಬಿಟ್ಟರೆ ಒಂದೇ ವಾರದಲ್ಲಿ ಆಗೋ ಕೆಲಸ ಅಲ್ಲವಾ?

ಆಗುತ್ತದೆ, ಮುಂದಿನ ವರ್ಷ ಎರಡರಷ್ಟು ಹುಟ್ಟುತ್ತದೆ. ಕೆದಕಿದ ಮಣ್ಣು ಕಳೆಬೀಜಕ್ಕೆ ಹದ ಮಾಡಿದ ಹೊಲ. ಯಂತ್ರಕ್ಕೆ ಲಂಟಾನದ ನಡುವೆ ಜೀವ ಹಿಡಿದುಕೊಂಡಿರುವ ಬೀಟೆ ಸಸಿ ಕಾಣುವುದಿಲ್ಲ. ಆಳಿನ ಕಣ್ಣಿಗೆ ಕಾಣುತ್ತದೆ.

ಬೆಂಕಿ ಹಾಕಿದರೆ?

ಬೇಡ. ಒಣ ಲಂಟಾನದ ಜ್ವಾಲೆ ನೆಲದ ತರಗಿನಿಂದ ಮರದ ತಲೆಗೆ ಏಣಿ ಹತ್ತಿದಂತೆ ಏರುತ್ತದೆ, ದೊಡ್ಡ ಮರಗಳು ಬೇಯುತ್ತವೆ. ಲಂಟಾನ ಮಾತ್ರ ಸಾಯುವುದಿಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿಯನ್ನು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ.

ಕಳೆನಾಶಕ ಹೊಡೆಯೋದಿಲ್ಲ ಯಾಕೆ? ನಮ್ಮ ಹೊಲದಲ್ಲಿ ಹೊಡೀತೀವಿ.

ಹೊಲದಲ್ಲಿ ಎಲ್ಲಿ ಹೊಡೆದಿರಿ ಎಂಬುದು ನಿಮಗೆ ಗೊತ್ತು, ಅಲ್ಲಿ ದನ ಬಿಡುವುದಿಲ್ಲ. ಕಾಡಿನಲ್ಲಿ ಜಿಂಕೆಗೆ ಹಾಗೆ ಹೇಳಲಾಗುವುದಿಲ್ಲ. ಹಳ್ಳದ ಪಕ್ಕ ಸಿಂಪಡಿಸಿದ್ದು ಮಳೆಗೆ ಕೆರೆ ಸೇರುತ್ತದೆ. ಎಲೆಯ ಮೇಲೆ ಬಿದ್ದ ಔಷಧಿ ಪಕ್ಕದ ಹುಲ್ಲು, ಸಸಿಗಳನ್ನೂ ಕೊಲ್ಲುತ್ತದೆ, ಅಂದರೆ ಯಾವುದನ್ನು ಉಳಿಸಲು ಹೊರಟೆವೋ ಅದನ್ನೇ. ಕೈಯಲ್ಲಿ ಗುದ್ದಲಿ ಇರುವಾಗ ಆ ದಾರಿ ನಮಗೆ ಬೇಡವೆಂದೇ ನನ್ನ ಗಟ್ಟಿ ಅಭಿಪ್ರಾಯ.

ಆನೆ, ಹುಲಿ ಇರೋ ಕಡೆ ಹೆಂಗೆ ಕೆಲಸ ಮಾಡ್ತೀರಪ್ಪಾ?

ಹುಲಿಗಿಂತ ಆನೆಯ ಬಗ್ಗೆ ಎಚ್ಚರ ಹೆಚ್ಚು ಬೇಕು. ಲಂಟಾನದ ಮೆಳೆಯ ಹಿಂದೆ ಹತ್ತೇ ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ಬೆಳಿಗ್ಗೆ ಬಿಸಿಲೇರಿದ ಮೇಲೆ ಒಳಗೆ ಹೋಗುತ್ತೇವೆ, ಸಂಜೆಗೆ ಬಹಳ ಮೊದಲೇ ಹೊರಗೆ ಬರುತ್ತೇವೆ. ಮುಂದೆ ವಾಚರ್, ಅವರ ಜತೆ ಆ ಜಾಗ ಬಲ್ಲ ಹಾಡಿಯ ಹಿರಿಯರೊಬ್ಬರು. ಜೇನುಕುರುಬ ಹಿರಿಯರು ಲದ್ದಿಯ ಬಿಸಿ, ಮುರಿದ ಕೊಂಬೆಯ ಹಸಿ, ಕೆಂಬೂತದ ಕೂಗು ಇವನ್ನೆಲ್ಲ ನೋಡಿ ಕೇಳಿ "ಇವತ್ತು ಈ ಕಡೆ ಬೇಡ" ಅಂದರೆ ಅದೇ ಕೊನೆಯ ಮಾತು. ಯಾಕೆ ಎಂದು ಕೇಳುವುದು ವಾಪಸು ಬಂದ ಮೇಲೆ. ಕೆಲಸದ ಜಾಗ ತಲುಪಿದ ಮೇಲೆ ಜೋರಾಗಿ ಮಾತಾಡುತ್ತೇವೆ, ಮೌನ ಅಲ್ಲಿ ಒಳ್ಳೆಯದಲ್ಲ. ಕೈಯನ್ನು ತರಗಿನೊಳಗೆ ಹಾಕುವ ಮೊದಲು ಕೋಲಿನಿಂದ ಕೆದಕಿ ನೋಡಬೇಕು. ಕೊಳಕುಮಂಡಲ ಓಡಿಹೋಗುವ ಹಾವಲ್ಲ.

ಉಣ್ಣೆ ಕಚ್ಚಿದರೆ ಜ್ವರ ಬರುತ್ತೆ ಅಂತಾರೆ, ನಿಜವಾ?

ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಬಂಡೀಪುರದ ಕಡೆಯೂ ಕಾಣಿಸಿಕೊಂಡಿದೆ. ಚಳಿಗಾಲದಿಂದ ಬೇಸಿಗೆಯವರೆಗೆ ಅಪಾಯ ಹೆಚ್ಚು. ತೋಳು ತುಂಬುವ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸುವುದು, ಉಣ್ಣೆ ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಸಂಜೆ ಬಿಸಿನೀರಿನ ಸ್ನಾನ ಮತ್ತು ಮೈಯೆಲ್ಲ ತಡಕಿ ನೋಡುವುದು, ಇಷ್ಟನ್ನು ತಪ್ಪಿಸಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ಕೆಲಸ ಮುಗಿಸಿ ಊರಿಗೆ ಹೋದ ಮೇಲೆ ಜ್ವರ ಬಂದರೆ ವೈದ್ಯರಿಗೆ ಕಾಡಿನಲ್ಲಿ ಇದ್ದೆ ಎಂದು ಹೇಳಲೇಬೇಕು.

ನಾನೂ ಬಂದು ಕೆಲಸ ಮಾಡಬಹುದಾ?

ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹುಲಿ ಮೀಸಲು ಪ್ರದೇಶದೊಳಗೆ ಕಾಲಿಡುವಂತಿಲ್ಲ, ಒಳ್ಳೆಯ ಉದ್ದೇಶಕ್ಕೂ ಇಲ್ಲ. ನಿಮ್ಮ ಊರಿನ ಹತ್ತಿರದ ಗೋಮಾಳ, ಕಿರು ಅರಣ್ಯ, ಕೆರೆಯಂಗಳದಲ್ಲಿ ಪಂಚಾಯಿತಿಯವರನ್ನು ಕೇಳಿಕೊಂಡು ಶುರು ಮಾಡಿ. ಒಂದು ದಿನ ಬಂದು ಫೋಟೊ ತೆಗೆಸಿಕೊಂಡು ಹೋಗುವ ನೂರು ಜನರಿಗಿಂತ ಮೂರು ಮಳೆಗಾಲ ಒಂದೇ ಜಾಗಕ್ಕೆ ಬರುವ ಐದು ಜನ ಬೇಕು.

## ಆಳದ ಪ್ರಶ್ನೆಗಳು

ಇಷ್ಟು ದೊಡ್ಡ ಕಾಡಿನಲ್ಲಿ ಎಲ್ಲಿಂದ ಶುರು ಮಾಡ್ತೀರಿ? ದಟ್ಟವಾಗಿರೋ ಕಡೆಯಿಂದ ತಾನೇ?

ತಿರುಗಾ ಮುರುಗಾ. ಚೆನ್ನಾಗಿರುವ ಕಡೆಯಿಂದ. ಅಲ್ಲೊಂದು ಇಲ್ಲೊಂದು ಲಂಟಾನ ಇರುವ ಜಾಗದಲ್ಲಿ ನಾಲ್ಕು ಆಳು ಒಂದು ದಿನದಲ್ಲಿ ಎಷ್ಟೋ ಎಕರೆ ಉಳಿಸಬಹುದು. ಅಲ್ಲಿ ಹುಲ್ಲು, ಸಸಿಗಳು ಇನ್ನೂ ಇವೆ, ಖಾಲಿಯಾದ ಜಾಗವನ್ನು ತಾವೇ ತುಂಬಿಕೊಳ್ಳುತ್ತವೆ. ದಟ್ಟ ಮೆಳೆಯಲ್ಲಿ ಅದೇ ನಾಲ್ಕು ಆಳು ಒಂದು ಮೂಲೆ ತೆಗೆಯುವಷ್ಟರಲ್ಲಿ ಸಂಜೆಯಾಗುತ್ತದೆ, ತೆಗೆದ ಮೇಲೆ ಅಲ್ಲಿ ಬೋಳು ಮಣ್ಣು ಬಿಟ್ಟು ಏನೂ ಉಳಿದಿರುವುದಿಲ್ಲ. 1960ರ ದಶಕದಲ್ಲಿ ಸಿಡ್ನಿಯ ಬ್ರಾಡ್ಲಿ ಸಹೋದರಿಯರು ತಮ್ಮ ಮನೆಯ ಬಳಿಯ ಕುರುಚಲು ಕಾಡಿನಲ್ಲಿ ಕೈಯಿಂದಲೇ ಕಳೆ ಕಿತ್ತು ಇದೇ ಕ್ರಮವನ್ನು ರೂಢಿಗೆ ತಂದರು. ನೆಲವನ್ನು ಆದಷ್ಟು ಕೆದಕದೆ, ಒಳ್ಳೆಯ ಕಡೆಯಿಂದ ಕೆಟ್ಟ ಕಡೆಗೆ, ಸ್ಥಳೀಯ ಗಿಡಗಳು ಚೇತರಿಸಿಕೊಳ್ಳುವ ವೇಗದಲ್ಲೇ ಮುಂದೆ ಹೋಗುವುದು.

ಕಷ್ಟವೇನೆಂದರೆ ಇದು ಕಣ್ಣಿಗೆ ಕಾಣುವ ಕೆಲಸವಲ್ಲ. ಸಫಾರಿ ರಸ್ತೆಯ ಪಕ್ಕ ಮೆಳೆ ತೆಗೆದರೆ ಎಲ್ಲರಿಗೂ ಕಾಣುತ್ತದೆ. ಒಳಗಿನ ಒಳ್ಳೆಯ ಕಾಡನ್ನು ಕಾದರೆ ಏನೂ ಆಗದಂತೆ ಕಾಣುತ್ತದೆ.

ತೆಗೆದಲ್ಲೇ ಮತ್ತೆ ಬರುತ್ತಲ್ಲ, ದುಡ್ಡು ದಂಡ ಅಲ್ಲವಾ?

ಒಂದೇ ವರ್ಷ ಮಾಡಿ ಬಿಟ್ಟರೆ ಪೂರ್ತಿ ದಂಡ. ಮಣ್ಣಿನಲ್ಲಿ ಬೀಜ ಕೂತಿದೆ, ಹಕ್ಕಿಗಳು ಹೊಸದನ್ನು ತರುತ್ತಲೇ ಇವೆ. ಮೊದಲ ಮಳೆಗೆ ಸಾವಿರಾರು ಮೊಳಕೆ ಎದ್ದು ನಿಲ್ಲುತ್ತವೆ. ಆದರೆ ಆಗ ಅವು ಬೆರಳುದ್ದ, ಹೆಬ್ಬೆರಳು ತೋರುಬೆರಳಲ್ಲಿ ಹಿಡಿದೆಳೆದರೆ ಬೇರು ಸಮೇತ ಬರುತ್ತವೆ. ಎರಡನೇ, ಮೂರನೇ ವರ್ಷ ಅದೇ ಜಾಗಕ್ಕೆ ಹೋಗಿ ಈ ಕೆಲಸ ಮಾಡಿದರೆ ಪ್ರತಿ ಸಲ ಆಳು ಕಡಿಮೆ ಸಾಕು. ಹಕ್ಕಿ ಕೂರುವ ಮರಗಳ ಕೆಳಗೆ ಮತ್ತು ಹಳ್ಳದ ದಂಡೆಯಲ್ಲಿ ಮೊದಲು ನೋಡಿ.

ಹಣ ಬಿಡುಗಡೆಯಾಗುವುದು ಎಕರೆ ಲೆಕ್ಕದಲ್ಲಿ, ವರ್ಷದ ಲೆಕ್ಕದಲ್ಲಿ. ಈ ವರ್ಷ ನೂರು ಎಕರೆ, ಮುಂದಿನ ವರ್ಷ ಬೇರೆ ನೂರು ಎಕರೆ ಎಂದು ಕಾಗದದಲ್ಲಿ ಅಂಕಿ ಬೆಳೆಯುತ್ತದೆ, ಹಿಂದಿನದಕ್ಕೆ ಯಾರೂ ಹೋಗಿರುವುದಿಲ್ಲ. ಮೂವತ್ತು ಎಕರೆ ತೆಗೆದು ಅದನ್ನೇ ನಾಲ್ಕು ವರ್ಷ ನೋಡಿಕೊಳ್ಳುವುದು ಇದಕ್ಕಿಂತ ಎಷ್ಟೋ ಮೇಲು. ಈ ಒಂದು ಬದಲಾವಣೆಗಾಗಿ ಸಿಕ್ಕಸಿಕ್ಕವರಲ್ಲಿ ವಾದ ಮಾಡುತ್ತಲೇ ಇದ್ದೇವೆ.

ಖಾಲಿಯಾದ ಕಡೆ ಗಿಡ ನೆಡ್ತೀರಾ?

ಮರಕ್ಕಿಂತ ಮೊದಲು ಹುಲ್ಲು. ಸುತ್ತಮುತ್ತ ಒಳ್ಳೆಯ ಹುಲ್ಲಿದ್ದರೆ ಅದೇ ಬರುತ್ತದೆ. ಇಲ್ಲದಿದ್ದರೆ ಅದೇ ಕಾಡಿನ ಸ್ಥಳೀಯ ಹುಲ್ಲಿನ ಬೀಜ ತಂದು ಬಿತ್ತುತ್ತೇವೆ, ಬುಡ ಕಿತ್ತು ನೆಡುತ್ತೇವೆ. ಹೊಸ ಹುಲ್ಲಿಗೆ ಜಿಂಕೆಗಳು ಮುಗಿಬೀಳುವುದರಿಂದ ಸಣ್ಣ ಸಣ್ಣ ತಾಕುಗಳಿಗೆ ಕಿತ್ತ ಲಂಟಾನವನ್ನೇ ಒಣಬೇಲಿಯಾಗಿ ಕಟ್ಟುವುದುಂಟು. ಬೇರು ಹಿಡಿಯುವವರೆಗೆ ಕಾದರೆ ಸಾಕು.

ಸೆನ್ನಾ ಮರವನ್ನು ಕಡಿದರೆ ಸಾಯುತ್ತಾ?

ಇಲ್ಲ, ಮೋಟಿನ ತುಂಬ ಚಿಗುರುತ್ತದೆ. ಸಸಿಗಳನ್ನು ಮಳೆಗಾಲದಲ್ಲಿ ಬೇರು ಸಮೇತ ಕೀಳಬೇಕು. ದೊಡ್ಡ ಮರವಾದರೆ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಸುತ್ತಲೂ ತೊಗಟೆ ಸುಲಿದು ನಿಂತಲ್ಲೇ ಒಣಗಿಸುವುದು ಒಂದು ವಿಧಾನ. ಬೆರಳಗಲದ ಪಟ್ಟಿ ತೊಗಟೆ ಉಳಿದರೂ ಮರ ಬದುಕಿಕೊಳ್ಳುತ್ತದೆ, ಹಾಗಾಗಿ ಬುಡದ ಮಣ್ಣು ಸರಿಸಿ ಅಲ್ಲಿಯದನ್ನೂ ಕೆರೆಯಬೇಕು. ಸುಲಿದ ಜಾಗದ ಕೆಳಗೆ ಬರುವ ಚಿಗುರನ್ನು ಆಗಾಗ ಮುರಿಯಬೇಕು. ತಾಯಿಮರ ಸತ್ತರೂ ಕೆಳಗೆ ಬಿದ್ದ ಬೀಜಗಳು ವರ್ಷಗಟ್ಟಲೆ ಮೊಳೆಯುತ್ತವೆ.

ತರಗು ಬೆಂಕಿ ನಿಲ್ಲಿಸಿದ್ದರಿಂದಲೇ ಲಂಟಾನ ಹೆಚ್ಚಾಯ್ತು ಅಂತ ಸೋಲಿಗರು ಹೇಳ್ತಾರೆ. ನೀವು ಬೆಂಕಿ ಬೇಡ ಅಂತೀರಿ. ಯಾರ ಮಾತು ಸರಿ?

ಎರಡೂ ಒಂದೇ ಬೆಂಕಿಯ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಹಾಕುತ್ತಿದ್ದುದು ಬೇಸಿಗೆ ಕಾವೇರುವ ಮೊದಲು, ತೆಳ್ಳಗೆ ಬಿದ್ದ ತರಗಿಗೆ. ಮೊಣಕಾಲೆತ್ತರದ ಉರಿ ನೆಲ ಸವರಿಕೊಂಡು ಹೋಗುತ್ತಿತ್ತು. ಲಂಟಾನದ ಎಳೆ ಸಸಿಗಳು ಅದಕ್ಕೆ ಸುಟ್ಟುಹೋಗುತ್ತಿದ್ದವು, ಹುಲ್ಲು ಮತ್ತೆ ಚಿಗುರುತ್ತಿತ್ತು ಎಂಬುದು ಅವರ ಅನುಭವ. ಸಂಶೋಧಕರೂ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಈಗ ಅದೇ ಜಾಗದಲ್ಲಿ ಆಳೆತ್ತರದ ಒಣ ಲಂಟಾನ ನಿಂತಿದೆ. ಅಲ್ಲಿ ಕಡ್ಡಿ ಗೀರಿದರೆ ಹುಟ್ಟುವುದು ತರಗು ಬೆಂಕಿಯಲ್ಲ. ಮೊದಲು ಕೈಯಿಂದ ಲಂಟಾನ ತೆಗೆದು, ಆ ಮೇಲೆ ಸೋಲಿಗರ ಮುಂದಾಳತ್ವದಲ್ಲಿ ಸಣ್ಣ ತಾಕುಗಳಲ್ಲಿ ತರಗು ಬೆಂಕಿಯನ್ನು ನೋಡಬೇಕು ಎನ್ನುವ ವಾದಕ್ಕೆ ನನ್ನ ಒಪ್ಪಿಗೆಯಿದೆ. 2011ರಲ್ಲಿ ಅಲ್ಲಿಯ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಸಿಕ್ಕಿದೆ. ಕಾಡನ್ನು ನೋಡಿಕೊಳ್ಳುವ ತೀರ್ಮಾನದಲ್ಲಿ ಅವರು ಕೂಲಿಯಾಳುಗಳಾಗಿ ಮಾತ್ರ ಇರಬಾರದು.

ಎಲ್ಲ ಕಿತ್ತು ಹಾಕಿದರೆ ಹಕ್ಕಿ, ಚಿಟ್ಟೆಗಳ ಗತಿ?

ಒಳ್ಳೆಯ ಪ್ರಶ್ನೆ. ಲಂಟಾನದ ಹೂವಿಗೆ ಚಿಟ್ಟೆ ಬರುತ್ತವೆ, ಮೆಳೆಯಲ್ಲಿ ಸಣ್ಣ ಹಕ್ಕಿಗಳು ಗೂಡು ಕಟ್ಟುತ್ತವೆ. ಆದ್ದರಿಂದ ಒಂದೇ ಸಲ ಮೈಲುಗಟ್ಟಲೆ ಬೋಳು ಮಾಡದೆ ತಾಕು ತಾಕಾಗಿ ಹೋಗುತ್ತೇವೆ. ಗೂಡು ಕಂಡ ಪೊದೆಗೆ ಗುರುತು ಕಟ್ಟಿ ಮರಿ ಹಾರಿದ ಮೇಲೆ ತೆಗೆಯುತ್ತೇವೆ.

ಇದನ್ನು ತಿನ್ನೋ ಹುಳ ತಂದು ಬಿಡಬಹುದಲ್ಲ?

ಪಾರ್ಥೇನಿಯಂ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಇವತ್ತಿಗೂ ಅದು ಎಲೆಗಳನ್ನು ಜರಡಿ ಮಾಡುವುದನ್ನು ನೋಡಬಹುದು. ಲಂಟಾನಕ್ಕೂ ಹಲವು ಕೀಟಗಳನ್ನು ತರಿಸಿ ನೋಡಿದ್ದಾರೆ. ಹವಾಯಿಯಲ್ಲಿ 1902ರಲ್ಲೇ ಈ ಪ್ರಯತ್ನ ಶುರುವಾಗಿತ್ತು. ಎಲೆ ಸೊರಗಿಸುವ ತಿಗಣೆ ನಮ್ಮಲ್ಲೂ ನೆಲೆಯೂರಿದೆ, ಆದರೆ ಒಣಗಿದಂತೆ ಕಂಡ ಪೊದೆ ಮಳೆಗೆ ಮತ್ತೆ ಚಿಗುರುತ್ತದೆ. ಗುದ್ದಲಿಗೆ ಬದಲಿ ಇನ್ನೂ ಸಿಕ್ಕಿಲ್ಲ.

ಲಂಟಾನದಲ್ಲಿ ಕುರ್ಚಿ, ಆನೆ ಎಲ್ಲ ಮಾಡ್ತಾರಲ್ಲ, ಅದರಿಂದ ಕಾಡು ಖಾಲಿ ಆಗುತ್ತಾ?

ಕಾಡು ಖಾಲಿಯಾಗುವಷ್ಟು ಕುರ್ಚಿ ಯಾರಿಗೂ ಬೇಡ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು, ಗೂಡಲೂರಿನ ಕಡೆ ಬೇರೆ ಬುಡಕಟ್ಟಿನವರು ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬಗ್ಗಿಸಿ ಮಾಡುವ ಪೀಠೋಪಕರಣ, ಆನೆಗಳು ನಿಜಕ್ಕೂ ಸೊಗಸು. ಬಿದಿರು, ಬೆತ್ತ ಕೈತಪ್ಪಿದವರಿಗೆ ಅದು ದುಡಿಮೆ, ಅಷ್ಟಕ್ಕೇ ಬೆಂಬಲಿಸಬೇಕು. ಒಂದು ಎಚ್ಚರ: ನೇರವಾದ ದಪ್ಪ ಕಡ್ಡಿ ಬೇಕೆಂದು ಬುಡ ಬಿಟ್ಟು ಮೇಲೆ ಕತ್ತರಿಸಿದರೆ ಅದು ಲಂಟಾನದ ಬೇಸಾಯವಾಗುತ್ತದೆ. ಕಡ್ಡಿ ತೆಗೆದ ಕೂಡಲೇ ಬೇರಿನ ಕೆಲಸವೂ ಮುಗಿಯಬೇಕು.

ನಮ್ಮ ಜಮೀನಿನ ಬೇಲಿಯಲ್ಲೇ ಲಂಟಾನ ಇದೆ. ಹಂದಿ ಬರದಂತೆ ಅದೇ ತಡೆ. ತೆಗೀಬೇಕಾ?

ಒಮ್ಮೆಲೇ ತೆಗೆಯಬೇಡಿ, ಬೇಲಿಯಿಲ್ಲದೆ ಬೆಳೆ ಕಳೆದುಕೊಳ್ಳಿ ಎಂದು ಯಾರೂ ಹೇಳಲಾರರು. ಮಳೆಗಾಲದ ಶುರುವಿಗೆ ಒಳಮಗ್ಗುಲಲ್ಲಿ ಕತ್ತಾಳೆ, ಲಕ್ಕಿ, ಗೊಬ್ಬರದ ಗಿಡ ನೆಟ್ಟು ಅವು ಒತ್ತಾದ ಮೇಲೆ ಲಂಟಾನವನ್ನು ಹತ್ತಿಪ್ಪತ್ತು ಮಾರಿನಷ್ಟು ಜಾಗದಂತೆ ಬೇರು ಸಮೇತ ಕೀಳುತ್ತಾ ಬನ್ನಿ. ಅಲ್ಲಿಯವರೆಗೆ ಹೂವು ಕಾಯಿಕಟ್ಟುವ ಮೊದಲು ಬೇಲಿಯ ತಲೆ ಸವರುತ್ತಿರಿ, ಹಣ್ಣಾಗಲು ಬಿಡಬೇಡಿ. ಸವರಿದ್ದನ್ನು ಹಳ್ಳಕ್ಕೆ ಹಾಕದೆ ಕಲ್ಲಿನ ಮೇಲೋ ಕಣದಲ್ಲೋ ಒಣಗಿಸಿ ಒಲೆಗೆ ಬಳಸಿ.